ತೊಗಲು ಒಂದೇ, ಚಪ್ಪರ ಬೇರೆ

ಯುಗಾದಿ ಕಳೀತು ಅಂದ್ರೆ ನಮ್ಮ ತುಮಕೂರು ಸೀಮೆಯಲ್ಲಿ ಸದ್ದು ಶುರುವಾಗುತ್ತದೆ. ರಾಗಿ ಕಣ ಮುಗಿದು, ಕೆರೆಯ ತಳ ಕಂಡು, ಕೈಗೆ ಕೆಲಸವಿಲ್ಲದ ದಿನಗಳು. ಮಾರಮ್ಮನ ಹಬ್ಬ, ಯಡಿಯೂರಿನ ತೇರು, ರಾತ್ರಿಯಿಡೀ ನಾಟಕ, ಪೇಟೆಯಲ್ಲಿ ರಾಮನವಮಿ ಸಂಗೀತ, ಏಪ್ರಿಲ್ 14ಕ್ಕೆ ಬಾಬಾಸಾಹೇಬರ ಜಯಂತಿ. ಒಂದು ಬೇಸಿಗೆಯಲ್ಲಿ ನಾವು ಕೆಲವು ಗೆಳೆಯರು ಇವುಗಳಿಗೆಲ್ಲ ಹೋಗಿಬಂದೆವು. ಕೇಳುವುದಷ್ಟೇ ನಮ್ಮ ಕೆಲಸವಾಗಿರಲಿಲ್ಲ. ಯಾರು ಕೂತಿದ್ದಾರೆ, ಯಾರು ನಿಂತಿದ್ದಾರೆ ಎಂದೂ ನೋಡಬೇಕಾಗಿತ್ತು.

ಮೊದಲು ತುಮಕೂರಿನ ರಾಮನವಮಿ ಚಪ್ಪರ. ಈ ಬಗೆಯ ಸಂಗೀತೋತ್ಸವಕ್ಕೆ ನಮ್ಮ ಕಡೆ ದೊಡ್ಡಣ್ಣ ಬೆಂಗಳೂರಿನ ಚಾಮರಾಜಪೇಟೆಯದು. 1939ರಲ್ಲಿ ಶ್ರೀರಾಮಸೇವಾ ಮಂಡಳಿ ಆರಂಭಿಸಿದ ಉತ್ಸವ ಕೋಟೆ ಹೈಸ್ಕೂಲು ಮೈದಾನದ ಚಪ್ಪರದಲ್ಲಿ ಹೆಸರಾಯಿತು. ಜಿಲ್ಲೆಯ ಪೇಟೆಗಳಲ್ಲಿ ನಡೆಯುವ ಕಛೇರಿಗಳೂ ಹೆಚ್ಚುಕಡಿಮೆ ಅದೇ ಅಚ್ಚಿನವು: ಪಿಟೀಲು, ಮೃದಂಗ, ಘಟ, ಕೊನೆಗೆ ಪಾನಕ, ಕೋಸಂಬರಿ. ನಾವು ಹಿಂದಿನ ಸಾಲಿನಲ್ಲಿ ಕೂತೆವು. ಯಾರೂ ಏಳಿ ಅನ್ನಲಿಲ್ಲ. ಪಕ್ಕದವರು ಮಾತ್ರ ‘ಯಾವೂರು, ಯಾರ ಮನೆಯವರು?’ ಎಂದು ಮೆಲ್ಲಗೆ ಕೇಳಿದರು. ಊರು ಹೇಳಿದೆವು, ಮನೆ ಹೇಳಲಿಲ್ಲ.

ಸಂಗೀತ ಚೆನ್ನಾಗಿತ್ತು. ಬಂಡಾಯದವರು ಅಂತ ಇದನ್ನು ಮುಚ್ಚಿಡಬೇಕಾಗಿಲ್ಲ. ತನಿ ಆವರ್ತನದ ಹೊತ್ತಿಗೆ ನಮ್ಮ ತೊಡೆಯ ಮೇಲೂ ಕೈ ಆಡುತ್ತಿತ್ತು. ಆದರೆ ಆ ಮೃದಂಗದ ಮೈಯೇನು? ಹಲಸಿನ ಮರಕ್ಕೆ ಬಿಗಿದ ದನ, ಎಮ್ಮೆ, ಆಡಿನ ತೊಗಲು. ಬಲಕ್ಕೆ ಕಪ್ಪು ಕರಣೆ, ಎಡಕ್ಕೆ ರವೆಯ ಹಿಟ್ಟು. ಆ ತೊಗಲನ್ನು ಹದಮಾಡಿ, ಕೊಯ್ದು, ಬಿಗಿದವರು ಯಾರು? ತಮಿಳುನಾಡಿನ ಮೃದಂಗ ಕಟ್ಟುವ ದಲಿತ ಕ್ರೈಸ್ತ ಕುಟುಂಬಗಳ ಕಥೆಯನ್ನು ಗಾಯಕ ಟಿ.ಎಂ. ಕೃಷ್ಣ ‘ಸೆಬಾಸ್ಟಿಯನ್ ಅಂಡ್ ಸನ್ಸ್’ ಎಂಬ ಪುಸ್ತಕದಲ್ಲಿ ಬರೆದರು. 2020ರ ಜನವರಿಯಲ್ಲಿ ಅದರ ಬಿಡುಗಡೆಗೆ ಕೊಟ್ಟಿದ್ದ ಸಭಾಂಗಣವನ್ನು ಚೆನ್ನೈನ ಕಲಾಕ್ಷೇತ್ರ ವಾಪಸು ತೆಗೆದುಕೊಂಡಿತು. ತೊಗಲು ವೇದಿಕೆಗೆ ಬರಬಹುದು, ತೊಗಲಿನ ಮಾತು ಬರಕೂಡದು.

ಅಲ್ಲಿಂದ ಕುಣಿಗಲ್ ಕಡೆಗೆ ಹೋದೆವು. ಈ ಊರಿನ ಕೆರೆಯ ಮೇಲಿನ ಜನಪದ ಹಾಡು ಇವತ್ತು ಸುಗಮ ಸಂಗೀತದ ವೇದಿಕೆಗಳಲ್ಲಿ ಮೆರೆಯುತ್ತದೆ. ಹಾಡು ಕಟ್ಟಿದವರ ಹೆಸರು ಮಾತ್ರ ಯಾರಿಗೂ ಬೇಕಾಗಿಲ್ಲ. ಅದು ಹೋಗ್ಲಿ. ನಾವು ಹೋದದ್ದು ತಾಲ್ಲೂಕಿನ ಒಂದು ಹಳ್ಳಿಯ ಮಾರಮ್ಮನ ಹಬ್ಬಕ್ಕೆ. ಗುಡಿಯಿಂದ ಮಾರು ದೂರದಲ್ಲಿ ಹುಲ್ಲು ಉರಿಸಿ ತಮಟೆ ಕಾಯಿಸುತ್ತಿದ್ದರು. ಕಾಯಿಸದಿದ್ದರೆ ತಮಟೆ ಬೊಬ್ಬೆ ಹಾಕುವುದಿಲ್ಲ. ಅರೆ, ಉರುಮೆ, ತಮಟೆ ಮೂರೂ ಕೂಡಿದಾಗ ಎದೆಯ ಗೂಡೇ ಅದುರಿತು. ಕಛೇರಿಯ ತನಿ ಕಾಲು ಗಂಟೆ ಇರಬಹುದು. ಇವರದು ಸಂಜೆಯಿಂದ ಬೆಳಕು ಹರಿಯುವ ತನಕ, ನಿಂತೇ. ಅಮ್ಮ ಗುಡಿ ಬಿಟ್ಟು ಬರಬೇಕಾದರೆ ಇವರ ಏಟು ಬೇಕು. ಅಮ್ಮ ಒಳಗೆ ಹೋದ ಮೇಲೆ ಇವರು ಹೊಸ್ತಿಲ ಆಚೆ. ಊಟದ ಎಲೆಯೂ ಬೇರೆ ಕಡೆ.

ತಮಟೆಯ ಚರಿತ್ರೆ ಬರೆಯುವವರು ಅದನ್ನು ‘ನಮ್ಮ ಹೆಮ್ಮೆಯ ಜನಪದ ಕಲೆ’ ಎಂದು ಒಂದು ಸಾಲಿನಲ್ಲಿ ಮುಗಿಸಿಬಿಡುತ್ತಾರೆ. ನಮ್ಮ ಅಜ್ಜಂದಿರಿಗೆ ಅದು ಕಲೆಯಾಗಿರಲಿಲ್ಲ, ಬಿಟ್ಟಿ ಚಾಕರಿಯಾಗಿತ್ತು. ಸತ್ತ ದನ ಎಳೆಯುವುದು, ಸಾರು ಹಾಕುವುದು, ಊರಿನ ಹೆಣದ ಮುಂದೆ ಬಡಿಯುವುದು ಎಲ್ಲ ಒಂದೇ ಕಟ್ಟಿನ ಕೆಲಸ. 1927ರಲ್ಲಿ ಮಹಾಡ್‌ನಲ್ಲಿ ಬಾಬಾಸಾಹೇಬರು ಸತ್ತ ದನದ ಮಾಂಸ ಬಿಡಿ ಎಂದದ್ದು ಈ ಕಟ್ಟನ್ನು ಬಿಚ್ಚುವುದಕ್ಕೇ. ಎಪ್ಪತ್ತರ ದಶಕದಲ್ಲಿ ದಲಿತ ಸಂಘರ್ಷ ಸಮಿತಿ ಹಟ್ಟಿಗಳಿಗೆ ಬಂದಾಗ ಎಷ್ಟೋ ಕಡೆ ಜನ ತಮಟೆ ಬಡಿಯೋದಿಲ್ಲ ಎಂದರು, ಬಹಿಷ್ಕಾರ ಉಂಡರು. ಅದೇ ಚಳವಳಿಯ ಮೆರವಣಿಗೆಗಳಲ್ಲಿ, ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ (1975) ಹಬ್ಬಿದ ಬೀದಿಗಳಲ್ಲಿ, ತಮಟೆ ಮತ್ತೆ ಕೈಗೆ ಬಂತು. ಬಿಟ್ಟವರೂ ನಮ್ಮವರೇ, ಹಿಡಿದವರೂ ನಮ್ಮವರೇ. 2023ರಲ್ಲಿ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿಯೇ ಪದ್ಮಶ್ರೀ ಬಂತು. ಆ ದಿನ ನಾವು ಕುಣಿದೆವು. ಆದರೆ ಮಾರನೇ ದಿನ ಹಳ್ಳಿಯ ಹೊಸ್ತಿಲು ಅಲ್ಲೇ ಇತ್ತು.

ಈ ಎರಡು ಚಪ್ಪರಗಳ ನಡುವೆ ಮೂರನೆಯದೊಂದುಂಟು. ಅದು ಗುಬ್ಬಿಯದು. 1884ರಲ್ಲಿ ಚಂದಣ್ಣನವರು ಗುಬ್ಬಿಯಲ್ಲಿ ನಾಟಕ ಕಂಪನಿ ಕಟ್ಟಿದರು. ಹುಡುಗನಾಗಿ ಅದನ್ನು ಸೇರಿದ ವೀರಣ್ಣನವರು (1891–1972) ಅದನ್ನು ನಾಡಿಗೇ ದೊಡ್ಡದು ಮಾಡಿದರು. 1934ರ ಅವರ ‘ಕುರುಕ್ಷೇತ್ರ’ದಲ್ಲಿ ನಿಜವಾದ ಆನೆ, ಕುದುರೆಗಳೇ ರಂಗಕ್ಕೆ ಬಂದವು. ಕಂಪನಿ ಊರೂರು ಅಲೆಯಿತು. ಅದರ ಹಿಂದೆಯೇ ಹಾರ್ಮೋನಿಯಂ ಹಳ್ಳಿಗೆ ಬಂತು. ದೊಡ್ಡ ಸಂಗೀತದವರಿಗೆ ಈ ಪೆಟ್ಟಿಗೆ ಸೇರಲಿಲ್ಲ. 1940ರಲ್ಲಿ ರೇಡಿಯೊ ಇದನ್ನು ಹೊರಗಿಟ್ಟಿತು, ನಿಷೇಧ ಸಡಿಲವಾದದ್ದು 1971ರಲ್ಲಿ. ಅಷ್ಟರೊಳಗೆ ಪೆಟ್ಟಿಗೆ ನಮ್ಮ ಹಟ್ಟಿಗಳನ್ನೂ ಹೊಕ್ಕಿತ್ತು.

ಇವತ್ತಿಗೂ ಗುಬ್ಬಿ ಸೀಮೆಯಲ್ಲಿ ಬೇಸಿಗೆ ಅಂದರೆ ‘ಕುರುಕ್ಷೇತ್ರ’. ಡ್ರಾಮಾ ಮೇಷ್ಟ್ರು ಬಂದು ತಿಂಗಳುಗಟ್ಟಲೆ ತಾಲೀಮು ಕೊಡುತ್ತಾರೆ. ಪಾತ್ರ ಬೇಕಾದವರು ದುಡ್ಡು ಕೊಟ್ಟು ತಗೋಬೇಕು. ಕೃಷ್ಣ, ದುರ್ಯೋಧನರಿಗೆ ರೇಟು ಜಾಸ್ತಿ. ಊರಿನ ನಾಟಕದಲ್ಲಿ ಆ ಪಾತ್ರಗಳು ಜಮೀನಿದ್ದವರಿಗೇ ಹೋಗುತ್ತವೆ. ಅದಕ್ಕೇ ನಮ್ಮ ಕೇರಿಯವರು ತಮ್ಮದೇ ತಂಡ ಕಟ್ಟಿ, ತಾವೇ ಕಿರೀಟ ಇಟ್ಟುಕೊಂಡರು. ಅಕ್ಷರ ಬಾರದ ಅಪ್ಪಂದಿರು ಕಂದಪದ್ಯ ಬಾಯಿಪಾಠ ಮಾಡಿ ಮೋಹನ, ಭೀಂಪಲಾಸ್ ಎಳೆದರು. ಅವರಿಗೆ ರಾಗ ಹೇಳಿಕೊಟ್ಟದ್ದು ಯಾವ ಸಂಗೀತ ಶಾಲೆಯೂ ಅಲ್ಲ, ಸಂಭಾವನೆಗೆ ಬಂದ ಹಾರ್ಮೋನಿಯಂ ಮೇಷ್ಟ್ರು.

ಇಲ್ಲಿ ನಮಗೆ ಜಗಳವೂ ಇದೆ. ಗೀತೆ ಬೋಧಿಸುವ ಕೃಷ್ಣನಾಗಲು ನಮ್ಮವರು ಸಾಲ ಮಾಡಬೇಕೆ? ಚಾತುರ್ವರ್ಣ್ಯದ ಬಾಯನ್ನು ನಾವೇ ಬಾಡಿಗೆಗೆ ತರಬೇಕೆ? ನಮ್ಮಲ್ಲೊಬ್ಬ ಹೀಗೆ ಕೇಳಿದ. ಇನ್ನೊಬ್ಬ ಸಿಟ್ಟಾದ: ‘ನಮ್ಮಪ್ಪ ಗೌಡರ ಮುಂದೆ ಚಪ್ಪಲಿ ಬಿಡೋನು ಕಣೋ. ರಾತ್ರಿ ಸಿಂಹಾಸನದ ಮೇಲೆ ಕಾಲ್ಮೇಲೆ ಕಾಲು ಹಾಕ್ಕೊಂಡು ಕೂತ್ಕಂಡಿದ್ದು ನಾಟಕದಾಗೇ.’ ಈ ಮಾತಿಗೆ ನಮ್ಮಲ್ಲಿ ಇನ್ನೂ ಉತ್ತರ ಸಿಕ್ಕಿಲ್ಲ. ತುಮಕೂರಿನಲ್ಲೇ ಇದ್ದ ಕವಿ ಕೆ.ಬಿ. ಸಿದ್ದಯ್ಯ (2019ರಲ್ಲಿ ತೀರಿಕೊಂಡರು) ‘ದಕ್ಲಕಥಾದೇವಿ’ಯಲ್ಲಿ ಬೇರೊಂದು ಪುರಾಣವನ್ನೇ ಎತ್ತಿಕೊಂಡರು. ಆ ಕಾವ್ಯ ಈಗ ರಂಗದ ಮೇಲೂ ಬಂದಿದೆ. ಆದರೆ ಹಟ್ಟಿಯ ಬೇಸಿಗೆ ರಾತ್ರಿಗೆ ಅದು ಇನ್ನೂ ಇಳಿದಿಲ್ಲ.

ಏಪ್ರಿಲ್ 14ಕ್ಕೆ ನಾವು ತುಮಕೂರಿನಲ್ಲಿದ್ದೆವು. ಟೌನ್‌ಹಾಲ್ ಸರ್ಕಲ್ ಹತ್ತಿರ ಹುಡುಗರು ಹಳೇ ಪೇಪರು ಉರಿಸಿ ತಮಟೆ ಕಾಯಿಸುತ್ತಿದ್ದರು. ನಮ್ಮ ಜೊತೆ ಬಂದಿದ್ದ ಅಜ್ಜ ಚಳವಳಿಯ ಕಾಲದಲ್ಲಿ ತಮಟೆ ಬಿಟ್ಟವರು. ಮತ್ತೆ ಮುಟ್ಟಿಲ್ಲ. ಮೆರವಣಿಗೆಯಲ್ಲೂ ಮುಟ್ಟೋದಿಲ್ಲ ಅಂದರು. ಅಂಗಡಿ ನೆರಳಿಗೆ ಹೋಗಿ, ಆ ಕಡೆ ಮುಖ ಮಾಡಿಕೊಂಡು ಬೀಡಿ ಹಚ್ಚಿದರು. ಸ್ವಲ್ಪ ಹೊತ್ತಿಗೆ, ತಿರುಗಿ ನೋಡದೆಯೇ ಕೂಗಿದರು: ‘ಎಡಗೈ ಏಟು ಜಾರ್ತಾ ಐತೆ ಕಣ್ಲಾ ಮಗಾ, ಬಿಗಿ ಮಾಡು.’