ಪಟ್ಟದಕಲ್ಲು: ಮುಂಗಾರಿಗೆ ಮುನ್ನಿನ ಬಿಸಿಲ ವಾರ

ಬಾದಾಮಿ, ಹುನಗುಂದ, ಇಳಕಲ್ ಸೀಮೆಯಂತೆ ಮಲಪ್ರಭೆಯ ಎಡದಂಡೆಯ ಪಟ್ಟದಕಲ್ಲೂ ಪಶ್ಚಿಮ ಘಟ್ಟಗಳ ಮಳೆನೆರಳಿನಲ್ಲಿದೆ. ಮೇ ಮಧ್ಯಭಾಗದ ವಾರಗಳು ಇಲ್ಲಿ ಬಹುಮಟ್ಟಿಗೆ ಶಾಂತ. ತಿಳಿಯಾದ ಆಕಾಶ, ಮಧ್ಯಾಹ್ನ 38ರಿಂದ 40 ಡಿಗ್ರಿ ಸೆಲ್ಸಿಯಸ್ ಆಸುಪಾಸಿನ ಉಷ್ಣಾಂಶ.

ಬಯಲುಸೀಮೆಯಲ್ಲಿ ಗರಿಷ್ಠ ಉಷ್ಣಾಂಶ 40 ಡಿಗ್ರಿ ಮುಟ್ಟಿ, ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಹೆಚ್ಚಿದಾಗ ಹವಾಮಾನ ಇಲಾಖೆ ಅದನ್ನು ಸಾಮಾನ್ಯವಾಗಿ ಬಿಸಿಗಾಳಿ ಎಂದು ಪರಿಗಣಿಸುತ್ತದೆ. ಬೇಸಿಗೆಯ ವಾಡಿಕೆಯೇ ಹೆಚ್ಚಿರುವ ಈ ಸೀಮೆಯ 39 ಡಿಗ್ರಿಗೆ ಆ ಹೆಸರು ಸಲ್ಲದು. ದೇಹಕ್ಕೆ ಮಾತ್ರ ಈ ಲೆಕ್ಕ ತಿಳಿಯದು. ಬಿಸಿಲುಂಡ ಮರಳುಗಲ್ಲು ಸಂಜೆಯವರೆಗೂ ಕಾವು ಬಿಡುವುದಿಲ್ಲ. ದೇಗುಲಗಳನ್ನು ನೋಡಬಯಸುವವರಿಗೆ ಮುಂಜಾವೇ ಲೇಸು.

ಹೀಗೆ ಕಾದ ನೆಲಕ್ಕೆ ತೇವಭರಿತ ಗಾಳಿ ಸೇರಿದರೆ ಇಳಿಹೊತ್ತಿಗೆ ಗುಡುಗುಮೋಡ ಕಟ್ಟುತ್ತದೆ. ಒಂದೂರಿಗೆ ಸುರಿದ ಮಳೆ ನೆರೆಯೂರಿಗೆ ಹನಿಯೂ ಬೀಳದೆ ಹೋಗಬಹುದು. ಸಿಡಿಲಿನ ವೇಳೆ ಹೊಲದಲ್ಲಿರುವವರು ಮರದಡಿ ನಿಲ್ಲುವುದು ಅಪಾಯಕರ. ಮೇ 25ರ ಸುಮಾರಿಗೆ ರೋಹಿಣಿ ಮಳೆ ಕೂಡುತ್ತದೆ. ಹೆಸರು ಬಿತ್ತುವವರ ಕಣ್ಣು ಅದರ ಮೇಲೆ. ಆದರೆ ಮೇಲ್ಮಣ್ಣನ್ನಷ್ಟೇ ತೋಯಿಸಿದ ಒಂದು ಮಳೆ ನಂಬಿ ಬಿತ್ತಿದರೆ ಬೀಜ ಕೈತಪ್ಪುವ ಸಂಭವವೇ ಹೆಚ್ಚು.

ನದಿಯ ಲೆಕ್ಕವೇ ಬೇರೆ. ಸ್ಥಳೀಯ ಆಕಾಶ ನೋಡಿ ಮಲಪ್ರಭೆಯನ್ನು ಅಳೆಯಲಾಗದು. ಅದು ಹುಟ್ಟುವುದು ಮಳೆ ಸಮೃದ್ಧವಾದ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ. ಸವದತ್ತಿ ಬಳಿಯ ನವಿಲುತೀರ್ಥ ಅಣೆಕಟ್ಟು ದಾಟಿ ಇಲ್ಲಿಗೆ ಬರುತ್ತದೆ. ಮೇಲ್ಭಾಗದ ಭಾರಿ ಮಳೆಯಿಂದ 2019ರ ಆಗಸ್ಟ್‌ನಲ್ಲಿ ನದಿ ಉಕ್ಕಿ, 1987ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲಿರುವ ಈ ದೇಗುಲಗಳ ಆವರಣಕ್ಕೆ ನೀರು ನುಗ್ಗಿತ್ತು.