ನಿಸ್ತಂತು ಸಂದೇಶಗಳ ರಕ್ಷಣೆ: ಒಂದು ಪುನರಾವೃತ್ತ ದೋಷದ ಇತಿಹಾಸ

ತಂತಿಯ ಮೂಲಕ ಸಾಗುವ ವಾರ್ತೆಯನ್ನು ಕದ್ದು ಕೇಳಬೇಕಾದರೆ ಆ ತಂತಿಯಿರುವೆಡೆಗೆ ಹೋಗಬೇಕು. ನಿಸ್ತಂತು ವಾರ್ತೆಯಾದರೋ ಅದರ ಅಲೆಗಳು ಮುಟ್ಟುವ ಕ್ಷೇತ್ರದೊಳಗೆ ಗ್ರಾಹಕ ಯಂತ್ರವನ್ನಿಟ್ಟುಕೊಂಡು ಕುಳಿತ ಯಾರಿಗಾದರೂ ದೊರೆಯುವುದು. 1914ರ ಆಗಸ್ಟ್ ತಿಂಗಳಲ್ಲಿ ರಷ್ಯದ ಸೇನೆಗಳು ತಮ್ಮ ಆಜ್ಞೆಗಳಲ್ಲಿ ಕೆಲವನ್ನು ಗುಪ್ತಲಿಪಿಯಿಲ್ಲದೆಯೇ ರೇಡಿಯೋದಲ್ಲಿ ಕಳುಹಿಸಿದುದೂ, ಜರ್ಮನರು ಅವನ್ನು ಕೇಳಿಸಿಕೊಂಡುದೂ, ಟಾನೆನ್‌ಬರ್ಗ್ ಯುದ್ಧದಲ್ಲಿ ರಷ್ಯದ ಒಂದು ಸೇನೆ ನಾಶವಾದುದೂ ಇತಿಹಾಸದ ವಿದ್ಯಾರ್ಥಿಗಳಿಗೆ ತಿಳಿದ ವಿಷಯ. ನಿಸ್ತಂತು ವಾರ್ತೆಗೆ ಗುಪ್ತಲಿಪಿ ಅವಶ್ಯವೆಂಬ ಪಾಠವನ್ನು ಆ ಯುದ್ಧವು ಎಲ್ಲರಿಗೂ ಕಲಿಸಿತು. ಆದರೆ ಗುಪ್ತಲಿಪಿಯೊಂದಿದ್ದರೆ ಸಾಕೇ? ಪ್ರಕೃತ ಲೇಖನದಲ್ಲಿ ನಾವು ವಿಚಾರಿಸಬೇಕೆಂದಿರುವುದು ಈ ಪ್ರಶ್ನೆಯನ್ನು.

ಗುಪ್ತಲಿಪಿಗಳು ಒಡೆಯುವುದು ಪ್ರತಿಭಾಶಾಲಿಗಳಾದ ಗಣಿತಜ್ಞರ ಮತ್ತು ಬಲಿಷ್ಠವಾದ ಯಂತ್ರಗಳ ಮುಂದೆ ಎಂಬುದು ಸಾಮಾನ್ಯವಾದ ಅಭಿಪ್ರಾಯ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆದರೂ 1941, 2001 ಮತ್ತು 2017ರ ಮೂರು ಪ್ರಸಂಗಗಳನ್ನು ಒಂದರ ಪಕ್ಕದಲ್ಲೊಂದಿಟ್ಟು ನೋಡಿದರೆ, ಒಡೆಯುವವನಿಗೆ ಬಾಗಿಲು ತೆರೆದುದು ಒಂದೇ ತಪ್ಪೆಂದು ಕಂಡುಬರುತ್ತದೆ. ಒಮ್ಮೆ ಮಾತ್ರ ಬಳಸಬೇಕಾದ ಕೀಲಿಯನ್ನು ಎರಡು ಬಾರಿ ಬಳಸಿದುದೇ ಆ ತಪ್ಪು.

ಮೊದಲು ಕ್ರಮವನ್ನು ತಿಳಿಯಬೇಕು. ಸಂದೇಶದ ಪ್ರತಿಯೊಂದು ಅಕ್ಷರಕ್ಕೂ ಕೀಲಿಯ ಒಂದೊಂದು ಅಕ್ಷರವನ್ನು ಕೂಡಿಸಿ ಕಳುಹಿಸುತ್ತಾರೆ. ಪಡೆಯುವವನು ಅದೇ ಕೀಲಿಯನ್ನು ಮತ್ತೆ ಕೂಡಿಸಿ ಮೂಲವನ್ನು ಪಡೆಯುತ್ತಾನೆ. ಈ ವಿಶಿಷ್ಟ ಸಂಕಲನದಲ್ಲಿ ಒಂದೇ ಅಕ್ಷರವನ್ನು ಎರಡು ಸಲ ಕೂಡಿಸಿದರೆ ಅದು ಲೋಪವಾಗುತ್ತದೆ. ಆದುದರಿಂದ ಎರಡು ಸಂದೇಶಗಳು ಒಂದೇ ಕೀಲಿಯಿಂದ ಮುಚ್ಚಲ್ಪಟ್ಟಿದ್ದರೆ, ಕದ್ದು ಕೇಳಿದವನು ಅವೆರಡನ್ನೂ ಕೂಡಿಸಿದೊಡನೆ ಕೀಲಿಯು ಮಾಯವಾಗಿ, ಎರಡು ಮೂಲ ಸಂದೇಶಗಳ ಮಿಶ್ರಣ ಮಾತ್ರ ಉಳಿಯುತ್ತದೆ. ಭಾಷೆಯನ್ನು ಬಲ್ಲವನು ಆ ಮಿಶ್ರಣವನ್ನು ಬಿಡಿಸಬಲ್ಲನು.

1941ರ ಆಗಸ್ಟ್ 30ರಂದು ಅಥೆನ್ಸಿನ ಜರ್ಮನ್ ಕೇಂದ್ರದಿಂದ ವಿಯೆನ್ನಾಕ್ಕೆ ಸುಮಾರು 4,000 ಅಕ್ಷರಗಳ ಸಂದೇಶವೊಂದು ಹೊರಟಿತು. ಬಳಸಿದುದು 12 ಚಕ್ರಗಳ ಲೊರೆನ್ಜ್ ಯಂತ್ರ. ಸಂದೇಶವು ಸರಿಯಾಗಿ ತಲಪದಿದ್ದುದರಿಂದ ಆ ಕಡೆಯವರು ಮತ್ತೊಮ್ಮೆ ಕಳುಹಿಸಬೇಕೆಂದು ಕೇಳಿದರು. ಕಳುಹಿಸುವವನು ಚಕ್ರಗಳನ್ನು ಮೊದಲಿದ್ದ ಸ್ಥಾನಕ್ಕೇ ತಿರುಗಿಸಿ ಸಂದೇಶವನ್ನು ಪುನಃ ಬೆರಳಚ್ಚು ಮಾಡಿದನು. ಅಕ್ಷರಶಃ ಅದನ್ನೇ ಕಳುಹಿಸಿದ್ದರೆ ಕೇಳುತ್ತಿದ್ದ ಬ್ರಿಟಿಷರಿಗೆ ಹೊಸದೇನೂ ದೊರೆಯುತ್ತಿರಲಿಲ್ಲ. ಆದರೆ ಎರಡನೆಯ ಸಲ ಅವನು ಕೆಲವು ಪದಗಳನ್ನು ಸಂಕ್ಷೇಪಿಸಿದನು. ಆ ಅಲ್ಪ ವ್ಯತ್ಯಾಸದಿಂದಲೇ ಬ್ಲೆಚ್ಲಿ ಪಾರ್ಕಿನ ಜಾನ್ ಟಿಲ್ಟ್‌ಮನ್ ಎರಡೂ ಸಂದೇಶಗಳನ್ನು ಬಿಡಿಸಿ, ಅವುಗಳಿಂದ ಕೀಲಿಯ ಉದ್ದವಾದ ಭಾಗವೊಂದನ್ನು ಹೊರತೆಗೆದನು. ಬಿಲ್ ಟಟ್ ಎಂಬ ತರುಣ ಗಣಿತಜ್ಞನು ಆ ಕೀಲಿಯನ್ನು ಪರೀಕ್ಷಿಸಿ, ಎಂದೂ ಕಣ್ಣಿನಿಂದ ನೋಡದ ಯಂತ್ರದ ರಚನೆಯನ್ನು ಊಹಿಸಿದನು; ಸಹೋದ್ಯೋಗಿಗಳ ನೆರವಿನೊಡನೆ 1942ರ ಜನವರಿಯ ವೇಳೆಗೆ ಆ ಕಾರ್ಯ ಪೂರ್ಣವಾಯಿತು. ಕೊಲೊಸಸ್ ಎಂಬ ಮಹಾಯಂತ್ರವು ಕೆಲಸಕ್ಕೆ ಬಂದುದು ಇದಾದ ಎರಡು ವರ್ಷಗಳ ಮೇಲೆ. ಯಂತ್ರವು ದಾರಿಯನ್ನು ಅಗಲಗೊಳಿಸಿತೇ ಹೊರತು ದಾರಿ ತೆರೆಯಲಿಲ್ಲವೆಂಬುದನ್ನು ಗಮನಿಸಬೇಕು.

ಎರಡನೆಯ ಪ್ರಸಂಗವು ಶಾಂತಿಕಾಲದ್ದು. 1997ರಲ್ಲಿ ಐ.ಇ.ಇ.ಇ. ಸಂಸ್ಥೆಯು ಇಂದು ವೈ-ಫೈ ಎಂದು ಕರೆಯಲಾಗುವ ನಿಸ್ತಂತು ಜಾಲಕ್ಕೆ 802.11 ಎಂಬ ಮಾನಕವನ್ನು ಪ್ರಕಟಿಸಿತು. ಅದರಲ್ಲಿ ಡಬ್ಲ್ಯೂ.ಇ.ಪಿ. ಎಂಬ ರಕ್ಷಣೆಯನ್ನು ಅಳವಡಿಸಿದ್ದಿತು. ತಂತಿಯ ಜಾಲದಲ್ಲಿರುವಷ್ಟೇ ಗೋಪ್ಯತೆಯನ್ನು ಕೊಡುವುದಾಗಿ ಅದರ ಹೆಸರೇ ಸಾರುತ್ತಿದ್ದಿತು. ಪ್ರತಿಯೊಂದು ದತ್ತಾಂಶದ ಕಟ್ಟಿಗೂ ಹೊಸ ಕೀಲಿ ದೊರೆಯಲೆಂದು, ಗುಪ್ತಪದದೊಡನೆ 24 ಬಿಟ್‌ಗಳ ಸಂಖ್ಯೆಯೊಂದನ್ನು ಜೋಡಿಸುತ್ತಿದ್ದರು. ಇಂತಹ ಸಂಖ್ಯೆಗಳು ಒಟ್ಟು 1,67,77,216. ನೋಡುವುದಕ್ಕೆ ಇದು ದೊಡ್ಡ ರಾಶಿಯೇ. ಆದರೆ ಬಿಡುವಿಲ್ಲದ ಜಾಲವೊಂದರಲ್ಲಿ ಕೆಲವೇ ಗಂಟೆಗಳಲ್ಲಿ ಮುಗಿದುಹೋಗುವಂಥದು. ಸಂಖ್ಯೆಗಳನ್ನು ಯಾದೃಚ್ಛಿಕವಾಗಿ ಆರಿಸಿಕೊಂಡರೆ ಸುಮಾರು 5,000 ಕಟ್ಟುಗಳಾಗುವಷ್ಟರಲ್ಲಿಯೇ ಒಂದು ಸಂಖ್ಯೆ ಮರಳಿ ಬರುವ ಸಂಭವವುಂಟು. ಕೆಲವು ಉಪಕರಣಗಳಂತೂ ಪ್ರತಿ ಸಲ ಚಾಲೂ ಮಾಡಿದಾಗಲೂ ಸೊನ್ನೆಯಿಂದಲೇ ಎಣಿಕೆಯನ್ನು ಆರಂಭಿಸುತ್ತಿದ್ದವು. 2001ರಲ್ಲಿ ಬೊರಿಸೊವ್, ಗೋಲ್ಡ್‌ಬರ್ಗ್ ಮತ್ತು ವ್ಯಾಗ್ನರ್ ಎಂಬ ಮೂವರು ಈ ದೋಷವನ್ನು ಎತ್ತಿ ತೋರಿಸಿದರು. ಅದೇ ವರ್ಷ ಫ್ಲೂರರ್, ಮ್ಯಾಂಟಿನ್ ಮತ್ತು ಶಮೀರ್ ಎಂಬವರು ಇನ್ನೂ ಮುಂದೆ ಹೋಗಿ, ಕೀಲಿಯನ್ನು ಹುಟ್ಟಿಸುವ ಆರ್.ಸಿ.-4 ಕ್ರಮದ ದೌರ್ಬಲ್ಯದಿಂದ ಗುಪ್ತಪದವನ್ನೇ ಹೊರತೆಗೆಯಬಹುದೆಂದು ಸಿದ್ಧಪಡಿಸಿದರು. ಗುಪ್ತಪದವನ್ನು 40 ಬಿಟ್‌ಗಳಿಂದ 104ಕ್ಕೆ ಹೆಚ್ಚಿಸಿದುದರಿಂದಲೂ ಪ್ರಯೋಜನವಾಗಲಿಲ್ಲ. ಬೀಗವು ದೊಡ್ಡದಾಯಿತಾದರೂ ದೋಷವಿದ್ದುದು ಬೀಗದಲ್ಲಿರಲಿಲ್ಲ.

ಇಲ್ಲಿ ಒಂದು ಆಕ್ಷೇಪಣೆಗೆ ಉತ್ತರ ಹೇಳಬೇಕು. ಲೊರೆನ್ಜ್ ಯಂತ್ರವನ್ನು ಒಡೆದ ವಿವರಗಳುಳ್ಳ ಅಧಿಕೃತ ವರದಿ ಸಾರ್ವಜನಿಕರಿಗೆ ದೊರೆತುದು 2000ದಲ್ಲಿ. ಅದಕ್ಕೆ ಮೊದಲು ಮಾನಕವನ್ನು ರಚಿಸಿದವರು 1941ರ ಪಾಠವನ್ನು ಅರಿಯದಿದ್ದರೆ ಅವರ ತಪ್ಪೇನು ಎಂದು ಕೆಲವರು ಕೇಳಬಹುದು. ಈ ಸಮಾಧಾನ ನಿಲ್ಲುವಂಥದಲ್ಲ. 1942ರಲ್ಲಿ ಸೋವಿಯೆಟ್ ಅಧಿಕಾರಿಗಳು ಒಮ್ಮೆ ಮಾತ್ರ ಬಳಸಬೇಕಾದ ಕೀಲಿಪುಟಗಳನ್ನು ಎರಡೆರಡು ಪ್ರತಿ ಮುದ್ರಿಸಿದುದೂ, ಅದರಿಂದಾಗಿ ಅಮೆರಿಕದವರು ಅವರ ರಹಸ್ಯ ಸಂದೇಶಗಳಲ್ಲಿ ಕೆಲವನ್ನು ಓದಿದುದೂ 1995ರಲ್ಲಿಯೇ ವೆನೋನಾ ದಾಖಲೆಗಳ ಮೂಲಕ ಬಹಿರಂಗವಾಗಿದ್ದಿತು. ನಿಯಮವು ತಿಳಿಯದ ವಿಷಯವಾಗಿರಲಿಲ್ಲ. ನಡೆಯಲ್ಲಿ ಅದನ್ನು ಪಾಲಿಸುವ ಎಚ್ಚರ ಮಾತ್ರ ಸಾಲದಾಯಿತು.

2003ರಲ್ಲಿ ಡಬ್ಲ್ಯೂ.ಪಿ.ಎ. ಎಂಬ ತಾತ್ಕಾಲಿಕ ಏರ್ಪಾಟೂ, 2004ರಲ್ಲಿ ಎ.ಇ.ಎಸ್. ಗುಪ್ತಲಿಪಿಯನ್ನಾಧರಿಸಿದ ಡಬ್ಲ್ಯೂ.ಪಿ.ಎ.-2 ಕೂಡ ಬಂದವು. ಎರಡನೆಯದರ ಕೀಲಿ ವಿನಿಮಯವು ನಿರ್ದುಷ್ಟವೆಂದು ವಿದ್ವಾಂಸರು ಗಣಿತದಿಂದ ಸಾಧಿಸಿಯೂ ಇದ್ದರು. ಹೀಗಿದ್ದರೂ 2017ರಲ್ಲಿ ಬೆಲ್ಜಿಯಂ ದೇಶದ ಲ್ಯೂವೆನ್ ವಿಶ್ವವಿದ್ಯಾನಿಲಯದ ಮ್ಯಾಥಿ ವ್ಯಾನ್‌ಹೂಫ್ ಮತ್ತು ಫ್ರಾಂಕ್ ಪೀಸೆನ್ಸ್ ಅವರು ಅದರಲ್ಲಿಯೂ ಬಿರುಕನ್ನು ಕಂಡುಹಿಡಿದರು. ವಿನಿಮಯದ ನಾಲ್ಕು ಸಂದೇಶಗಳಲ್ಲಿ ಮೂರನೆಯದು ತಲಪಿತೆಂಬ ಉತ್ತರ ಬಾರದಿದ್ದರೆ ಅದನ್ನು ಮತ್ತೊಮ್ಮೆ ಕಳುಹಿಸಲಾಗುತ್ತದೆ. ಪಡೆದ ಯಂತ್ರವು ಆಗ ಅದೇ ಕೀಲಿಯನ್ನು ಪುನಃ ಸ್ಥಾಪಿಸಿ, ತನ್ನ ಎಣಿಕೆಯನ್ನು ಮೊದಲಿನಿಂದ ಆರಂಭಿಸುತ್ತಿದ್ದಿತು. ಆ ಉತ್ತರವನ್ನು ನಡುವೆ ತಡೆದವನಿಗೆ ಒಂದೇ ಕೀಲಿಯಿಂದ ಮುಚ್ಚಿದ ಎರಡು ಸಂದೇಶಗಳು ದೊರೆಯುತ್ತಿದ್ದವು. ಅಥೆನ್ಸಿನ ಬೆರಳಚ್ಚುಗಾರನು 76 ವರ್ಷಗಳ ಹಿಂದೆ ಮಾಡಿದುದೂ ಇದೇ ಅಲ್ಲವೇ? ಗಣಿತದ ಸಾಧನೆ ಸುಳ್ಳಾಗಿರಲಿಲ್ಲ. ಕೀಲಿಯನ್ನು ಯಾವಾಗ ಸ್ಥಾಪಿಸಬೇಕೆಂಬುದು ಅದರ ವ್ಯಾಪ್ತಿಯೊಳಗೆ ಬಂದಿರಲಿಲ್ಲ.

ಈ ವಿಚಾರವು ನಮ್ಮ ದೇಶಕ್ಕೆ ದೂರವಾದುದಲ್ಲ. 2008ರ ಜುಲೈ 26ರ ಅಹಮದಾಬಾದ್ ಸ್ಫೋಟಗಳಿಗೆ ಸ್ವಲ್ಪ ಮೊದಲು ಬಂದ ಬೆದರಿಕೆಯ ಮಿಂಚಂಚೆಯು ನವಿ ಮುಂಬಯಿಯ ಮನೆಯೊಂದರ ಅರಕ್ಷಿತ ನಿಸ್ತಂತು ಜಾಲದ ಮೂಲಕ ಹೊರಟಿದ್ದಿತು. ಅದನ್ನು ಕಳುಹಿಸದ ನಿವಾಸಿಯು ವಿಚಾರಣೆಯನ್ನು ಎದುರಿಸಬೇಕಾಯಿತು. ಇನ್ನು ನಮ್ಮ ವಿದ್ಯಾಸಂಸ್ಥೆಗಳನ್ನು ನೋಡೋಣ. ವಾಚನಾಲಯದ ಗೋಡೆಯ ಮೇಲೆ ಎಲ್ಲರಿಗೂ ಕಾಣುವಂತೆ ಒಂದೇ ಗುಪ್ತಪದವನ್ನು ಬರೆದಿರುವಲ್ಲಿ, ಡಬ್ಲ್ಯೂ.ಪಿ.ಎ.-2 ಜಾಲವಾಗಿದ್ದರೂ, ಆ ಪದವನ್ನು ಬಲ್ಲವನು ಆರಂಭದ ವಿನಿಮಯವನ್ನು ಹಿಡಿದುಕೊಂಡರೆ ಪಕ್ಕದವನ ನಿಸ್ತಂತು ಸಂದೇಶಗಳ ಮೇಲಣ ಆ ಮುಸುಕನ್ನು ತೆಗೆಯಬಲ್ಲನು. 2018ರಲ್ಲಿ ಪ್ರಕಟವಾದ ಡಬ್ಲ್ಯೂ.ಪಿ.ಎ.-3 ಈ ಕೊರತೆಯನ್ನು ನೀಗಿಸುವುದಕ್ಕಾಗಿ ಬಂದುದು.

ಒಟ್ಟಿನಲ್ಲಿ ಹೇಳುವುದಾದರೆ, ಈ ಮೂರು ಪ್ರಸಂಗಗಳಲ್ಲಿಯೂ ಗುಪ್ತಲಿಪಿಯು ಸೋತುದು ಶತ್ರುವಿನ ಬಲದಿಂದ ಮಾತ್ರವೇ ಅಲ್ಲ, ಬಳಸಿದವರ ಅಥವಾ ರಚಿಸಿದವರ ಅನವಧಾನದಿಂದ. ಅದರಲ್ಲಿಯೂ ಎರಡು ಸಲ ಆ ಅನವಧಾನವು ಕಾಣಿಸಿಕೊಂಡುದು ಸಂದೇಶವೊಂದನ್ನು ಮರಳಿ ಕಳುಹಿಸುವ ಸಾಧಾರಣ ಗಳಿಗೆಯಲ್ಲಿ. ತಂತ್ರಜ್ಞಾನದ ಇತಿಹಾಸವನ್ನು ಕೇವಲ ಹೊಸ ಶೋಧನೆಗಳ ಪಟ್ಟಿಯೆಂದು ಬೋಧಿಸುವ ಪದ್ಧತಿ ನಮ್ಮಲ್ಲಿ ಇದೆ. ಹಳೆಯ ತಪ್ಪುಗಳು ಹೊಸ ಉಪಕರಣಗಳಲ್ಲಿ ಹೇಗೆ ಮರಳಿ ಹುಟ್ಟುತ್ತವೆಂಬುದನ್ನೂ ಅದರೊಡನೆ ಬೋಧಿಸುವುದು ಯುಕ್ತವೆಂದು ನಮಗೆ ತೋರುತ್ತದೆ.