ಕೇಗನ್, ಜೆರೋಮ್

1929–2021. ಅಮೆರಿಕದ ಮನೋವಿಜ್ಞಾನಿ. ಮಕ್ಕಳ ಭಾವನಾತ್ಮಕ ಬೆಳವಣಿಗೆ ಹಾಗೂ ಸಂಕೋಚ ಸ್ವಭಾವದ ಜೈವಿಕ ಮೂಲವನ್ನು ಕುರಿತ ಸಂಶೋಧನೆಗಾಗಿ ಪ್ರಸಿದ್ಧರು. ನ್ಯೂಜೆರ್ಸಿಯ ನ್ಯೂಆರ್ಕ್‌ನಲ್ಲಿ ಜನನ. 1954ರಲ್ಲಿ ಯೇಲ್ ವಿಶ್ವವಿದ್ಯಾಲಯದಿಂದ ಡಾಕ್ಟರೇಟ್ ಪಡೆದರು. ಒಹಾಯೊದ ಫೆಲ್ಸ್ ಸಂಶೋಧನ ಸಂಸ್ಥೆಯಲ್ಲಿ ಕೆಲಸ ಮಾಡಿ, 1964ರಲ್ಲಿ ಹಾರ್ವರ್ಡ್ ಸೇರಿದರು.

ಹೊವರ್ಡ್ ಮಾಸ್ ಜೊತೆ ಬರೆದ ಬರ್ತ್ ಟು ಮೆಚುರಿಟಿ (1962) ಗ್ರಂಥದಲ್ಲಿ, ಎಳವೆಯ ಅಂಜಿಕೆ ಕೆಲವರಲ್ಲಿ ಪ್ರಾಯಕ್ಕೆ ಬಂದ ಮೇಲೂ ಉಳಿಯುವುದನ್ನು ಗುರುತಿಸಿದರು. ಆರಂಭದಲ್ಲಿ ಪರಿಸರಕ್ಕೇ ಹೆಚ್ಚು ಒತ್ತು ಕೊಡುತ್ತಿದ್ದ ಇವರು, ಮುಂದೆ ಹುಟ್ಟುಗುಣದ ಪಾತ್ರವನ್ನು ಒಪ್ಪಿಕೊಂಡರು. ಅಪರಿಚಿತ ವ್ಯಕ್ತಿ, ವಸ್ತು, ಸನ್ನಿವೇಶಗಳೆದುರು ಹಿಂಜರಿಯುವ ಈ ಪ್ರವೃತ್ತಿಯನ್ನು ‘ವರ್ತನಾ ಪ್ರತಿಬಂಧ’ ಎನ್ನಲಾಗುತ್ತದೆ.

ನ್ಯಾನ್ಸಿ ಸ್ನಿಡ್‌ಮನ್ ಮೊದಲಾದವರೊಡನೆ ನಡೆಸಿದ ಅಧ್ಯಯನದಲ್ಲಿ ನಾಲ್ಕು ತಿಂಗಳ ಶಿಶುಗಳಿಗೆ ತೂಗಾಡುವ ಬಣ್ಣದ ಆಟಿಕೆ, ಧ್ವನಿಮುದ್ರಿತ ಮಾತು, ವಾಸನೆಗಳನ್ನು ಒಡ್ಡಲಾಯಿತು. ಸುಮಾರು 20% ಶಿಶುಗಳು ಕೈಕಾಲು ಬಡಿದು ಅತ್ತವು. ಸುಮಾರು 40% ಶಾಂತವಾಗಿದ್ದವು. ಮೊದಲ ಗುಂಪಿನವರು ಎರಡನೆಯ ವರ್ಷದಲ್ಲಿ ಹೆಚ್ಚು ಅಂಜುಬುರುಕರಾಗಿ ಕಂಡರು. ಮಿದುಳಿನ ಅಮಿಗ್ಡಲ ಭಾಗ ಹೊಸತಕ್ಕೆ ಸುಲಭವಾಗಿ ಉದ್ರೇಕಗೊಳ್ಳುವುದೇ ಇದಕ್ಕೆ ಕಾರಣವೆಂದು ಕೇಗನ್ ವಾದಿಸಿದರು.

ಆದರೆ ಹುಟ್ಟುಗುಣವೇ ವಿಧಿಯಲ್ಲವೆಂಬುದು ಇವರ ನಿಲುವು. ಹಿಂಜರಿಯುವ ಮಕ್ಕಳಲ್ಲಿ ಹಲವರು ಬೆಳೆಯುತ್ತ ಸಂಕೋಚವನ್ನು ಮೀರಿದರು. ಅತಿಯಾಗಿ ರಕ್ಷಿಸದೆ, ಹೊಸ ಅನುಭವಗಳಿಗೆ ಮೆಲ್ಲಗೆ ಒಗ್ಗಿಸುವ ಪಾಲನೆ ಇದಕ್ಕೆ ನೆರವಾಗುತ್ತದೆ.

ದಿ ನೇಚರ್ ಆಫ್ ದಿ ಚೈಲ್ಡ್ (1984), ಗೇಲನ್ಸ್ ಪ್ರೊಫೆಸಿ (1994) ಮತ್ತು ಸ್ನಿಡ್‌ಮನ್ ಜೊತೆ ಬರೆದ ದಿ ಲಾಂಗ್ ಶ್ಯಾಡೋ ಆಫ್ ಟೆಂಪರಮೆಂಟ್ (2004) ಇವರ ಮುಖ್ಯ ಕೃತಿಗಳು.